ಅರಳಿದ ಗೆಡ್ಡೆ ಮತ್ತೆ ಅರಳದು

"ಮೊದಲ ಎರಡು ವರ್ಷ ಕಣ್ತುಂಬ ಹೂ ಬಿಟ್ಟಿತು. ಈಗ ನೋಡಿದರೆ ಬರೀ ಎಲೆ." ಅಮೆರಿಕದ ನ್ಯೂಜೆರ್ಸಿ, ಓಹಿಯೊ, ಮಿಷಿಗನ್ ಕಡೆ ನೆಲೆಸಿ ಮನೆಯಂಗಳದಲ್ಲಿ ಐರಿಸ್ ನೆಟ್ಟ ಕನ್ನಡಿಗರಿಂದ ಈ ಮಾತು ಮತ್ತೆ ಮತ್ತೆ ಕೇಳಿಬರುತ್ತದೆ. ಅದರ ಬೆನ್ನಿಗೇ ಬರುವ ಪ್ರಶ್ನೆ: ಯಾವ ಗೊಬ್ಬರ ಹಾಕಲಿ? ಗೊಬ್ಬರ ಬೇಡ. ಬಹುಪಾಲು ಸಂದರ್ಭಗಳಲ್ಲಿ ಗಿಡಕ್ಕೆ ಕಾಯಿಲೆಯೂ ಇರುವುದಿಲ್ಲ. ಬುಡದ ಹತ್ತಿರ ಕೂತು ಎಲೆ ಸರಿಸಿ ನೋಡಿದರೆ ಕಾರಣ ಅಲ್ಲೇ ಕಾಣುತ್ತದೆ. ಹಿಂಡಿನ ನಡುಭಾಗ ಬೋಳಾಗಿದೆ. ಒಣಗಿ ಸುಕ್ಕಾದ ಹಳೆಯ ಗೆಡ್ಡೆಗಳು ಒಂದರ ಮೇಲೊಂದು ಹೆಣೆದುಕೊಂಡಿವೆ. ಹಸಿರೆಲ್ಲ ಅಂಚಿಗೆ ಸರಿದು ಉಂಗುರದಂತೆ ನಿಂತಿದೆ. ಇಡೀ ಹಿಂಡನ್ನು ಅಗೆದು ತೆಗೆದು, ಬಿಡಿಸಿ, ಹಳೆಯದನ್ನು ಎಸೆದು, ಎಳೆಯದನ್ನು ಮತ್ತೆ ನೆಡಬೇಕು. ಮೂರು ನಾಲ್ಕು ವರ್ಷಕ್ಕೊಮ್ಮೆ ಈ ಕೆಲಸ ಮಾಡಲೇಬೇಕು.

ಐರಿಸ್ ಕುಲದಲ್ಲಿ ಸುಮಾರು 300 ಪ್ರಭೇದಗಳಿವೆ. ಶೀತವಲಯದ ಮನೆತೋಟಗಳಲ್ಲಿ ಹೆಚ್ಚಾಗಿ ಕಾಣುವುದು 'ಗಡ್ಡದ ಐರಿಸ್'. ಮೂರು ದಳಗಳು ಮೇಲಕ್ಕೆದ್ದು ಗೋಪುರದಂತೆ ಒಂದುಗೂಡುತ್ತವೆ, ಇನ್ನು ಮೂರು ಕೆಳಕ್ಕೆ ಇಳಿಬೀಳುತ್ತವೆ. ಇಳಿಬಿದ್ದ ದಳದ ಮೇಲೆ ಹಳದಿಯೋ ಕಿತ್ತಳೆಯೋ ಬಿಳಿಯೋ ಬಣ್ಣದ ನವಿರಾದ ರೋಮಗಳ ಸಾಲು. ಅದೇ ಆ ಗಡ್ಡ. ಜೇನ್ನೊಣಕ್ಕೆ ಅದು ದಾರಿ ತೋರುವ ಗುರುತು. ನೊಣ ಆ ಸಾಲು ಹಿಡಿದು ಒಳಗೆ ನುಗ್ಗುವಾಗ ಬೆನ್ನ ಮೇಲಿನ ಪರಾಗ ಶಲಾಕೆಗೆ ತಗಲುತ್ತದೆ. ನೇರಳೆ, ನೀಲಿ, ತಾಮ್ರ, ಹೆಚ್ಚುಕಡಿಮೆ ಕಪ್ಪು ಎನ್ನಿಸುವ ಕಡುಬಣ್ಣ, ಹೀಗೆ ಸಾವಿರಾರು ತಳಿಗಳು. ಅಚ್ಚ ಕೆಂಪೊಂದನ್ನು ಬಿಟ್ಟು ಉಳಿದೆಲ್ಲ ಬಣ್ಣಗಳೂ ಇವೆ. ನ್ಯೂಜೆರ್ಸಿಯ ಮಾಂಟ್‌ಕ್ಲೇರ್‌ನಲ್ಲಿ 1927ರಲ್ಲಿ ಶುರುವಾದ ಪ್ರೆಸ್ಬಿ ಸ್ಮಾರಕ ಐರಿಸ್ ತೋಟಕ್ಕೆ ಮೇ ಕೊನೆಯ ಹೊತ್ತಿಗೆ ಹೋದವರಿಗೆ ಇದರ ವೈಭವ ಗೊತ್ತು.

ಇನ್ನು ಗೆಡ್ಡೆಯ ಸಂಗತಿ. ಬೇರಿನಂತೆ ಕಂಡರೂ ಅದು ಬೇರಲ್ಲ, ನೆಲಕ್ಕೊರಗಿ ಅಡ್ಡಡ್ಡ ಬೆಳೆಯುವ ಕಾಂಡ. ಅದರ ಹೊಟ್ಟೆಯಿಂದ ದಾರದಂಥ ಬೇರುಗಳು ಕೆಳಗಿಳಿಯುತ್ತವೆ, ತುದಿಯಿಂದ ಎಲೆಗಳು ಬೀಸಣಿಗೆಯಂತೆ ಹರಡಿಕೊಂಡು ಏಳುತ್ತವೆ. ಬಾಳೆ ಬೆಳೆದವರಿಗೆ ಇದರ ಬಾಳುವೆ ತಟ್ಟನೆ ಅರ್ಥವಾಗುತ್ತದೆ. ಗೊನೆ ಬಿಟ್ಟ ಬಾಳೆ ಮತ್ತೊಮ್ಮೆ ಗೊನೆ ಬಿಡುವುದಿಲ್ಲ, ಪಕ್ಕದ ಕಂದು ಮೇಲೆದ್ದು ಅದರ ಜಾಗ ಹಿಡಿಯುತ್ತದೆ. ಐರಿಸ್‌ನಲ್ಲೂ ಹೂದಂಟು ಹೊರಟ ತುದಿ ಅಲ್ಲಿಗೆ ಮುಗಿಯಿತು. ಆ ಗೆಡ್ಡೆ ಇನ್ನೆಂದೂ ಹೂ ಬಿಡದು. ಅದರ ಎರಡೂ ಮಗ್ಗುಲಿನಿಂದ ಮರಿಗೆಡ್ಡೆಗಳು ಕವಲೊಡೆದು ಹೊರಮುಖವಾಗಿ ಬೆಳೆಯುತ್ತವೆ. ಮುಂದಿನ ಹೂವು ಅವುಗಳದು. ಅವು ಅರಳಿದ ಮೇಲೆ ಅವುಗಳ ಮಗ್ಗುಲಲ್ಲಿ ಮತ್ತೆ ಮರಿ. ಹೀಗೆ ಗಿಡ ವರ್ಷ ವರ್ಷವೂ ತಾನು ನಿಂತ ಜಾಗ ಬಿಟ್ಟು ಮುಂದಕ್ಕೆ ನಡೆಯುತ್ತಿರುತ್ತದೆ. ಒಂದು ಗೆಡ್ಡೆ ವರ್ಷಕ್ಕೆ ಎರಡು ಮೂರು ಮರಿ ಹಾಕಿದರೂ ನಾಲ್ಕನೆಯ ವರ್ಷಕ್ಕೆ ಹಿಂಡು ಗಿಜಿಗುಟ್ಟುತ್ತದೆ. ಮರಿಗಳು ಪರಸ್ಪರ ಬೆನ್ನೇರಿ ಬಿಸಿಲಿಗೂ ಮಣ್ಣಿಗೂ ಪೈಪೋಟಿಗಿಳಿಯುತ್ತವೆ. ಹೂ ಬಿಡುವಷ್ಟು ಕೊಬ್ಬು ಯಾವುದಕ್ಕೂ ಬರುವುದಿಲ್ಲ.

ಆದ್ದರಿಂದ ಹಿಂಡು ಬಿಡಿಸುವುದನ್ನು ತೋಟ ಚೊಕ್ಕಟಗೊಳಿಸುವ ಕೆಲಸವೆಂದು ನಾನು ಎಣಿಸುವುದಿಲ್ಲ. ಗುಡ್ಡದ ಬಯಲಿನಲ್ಲಿ ಗಿಡ ತಾನೇ ನಡೆದು ಹೊಸ ಮಣ್ಣು ಹುಡುಕಿಕೊಳ್ಳುತ್ತದೆ. ಮೂರಡಿ ಪಾತಿಯೊಳಗೆ ಕೂಡಿಹಾಕಿದ ಮೇಲೆ ಆ ನಡಿಗೆಯನ್ನು ಅದರ ಪರವಾಗಿ ನಾವು ಮುಗಿಸಿಕೊಡಬೇಕು.

ಉರಿಬಿಸಿಲಿನ ಕೆಲಸ

ಕಿತ್ತು ನೆಡುವ ಕೆಲಸವೆಂದರೆ ಮಳೆ ಬಿದ್ದ ಮೇಲೆ ಎಂಬುದು ನಮ್ಮ ಕೈಗೆ ಅಂಟಿದ ರೂಢಿ. ಐರಿಸ್ ಈ ರೂಢಿಯನ್ನು ಒಪ್ಪುವುದಿಲ್ಲ. ಉತ್ತರ ಅಮೆರಿಕದ ಶೀತ ಭಾಗಗಳಲ್ಲಿ, ಇಂಗ್ಲೆಂಡಿನಲ್ಲಿ ಅದನ್ನು ಕೀಳುವುದು ಜುಲೈ ನಡುವಿನಿಂದ ಸೆಪ್ಟೆಂಬರ್ ಆರಂಭದವರೆಗೆ, ಎಂದರೆ ಹೂವು ಮುಗಿದ ಆರು ವಾರದ ಆಚೆಗೆ. ಬೇಸಿಗೆ ಕಾದಿರುವ ಹೊತ್ತು. ಟೆಕ್ಸಾಸ್‌ನಂಥ ಸೆಕೆಯ ಸೀಮೆಯಲ್ಲಿ ಮಾತ್ರ ಸೆಪ್ಟೆಂಬರ್ ಅಕ್ಟೋಬರ್‌ವರೆಗೆ ತಡೆಯುವುದು ಮೇಲು.

ಈ ಗಿಡದ ಹುಟ್ಟೂರು ನೆನಪಿಗೆ ಬಂದರೆ ಆ ಕಾಲದ ಗುಟ್ಟು ತಿಳಿಯುತ್ತದೆ. ಗಡ್ಡದ ಐರಿಸ್‌ನ ಪೂರ್ವಜರು ದಕ್ಷಿಣ ಯುರೋಪು, ಟರ್ಕಿ, ಪಶ್ಚಿಮ ಏಷ್ಯಾದ ಕಲ್ಲುಗುಡ್ಡಗಳ ಗಿಡಗಳು. ಅಲ್ಲಿ ಚಳಿಗಾಲದಲ್ಲಿ ಮಳೆ, ಬೇಸಿಗೆಯಲ್ಲಿ ಒಂದು ಹನಿಯೂ ಇಲ್ಲ. ಹೂವು ಮುಗಿಯುತ್ತಲೇ ಗಿಡ ಅರೆನಿದ್ದೆಗೆ ಜಾರಿ, ಗೆಡ್ಡೆಯಲ್ಲಿ ಕೂಡಿಟ್ಟ ಪಿಷ್ಟದ ಮೇಲೆ ಬದುಕುತ್ತದೆ. ಆ ಹೊತ್ತಿನಲ್ಲಿ ಅದನ್ನು ಕಿತ್ತರೂ ಪೆಟ್ಟು ತಾಗದು. ಕತ್ತರಿಸಿದ ಗಾಯ ಒಣಹವೆಯಲ್ಲಿ ಬೇಗ ಮಾಯುತ್ತದೆ. ಬೇಸಿಗೆ ಇಳಿದಂತೆ ಹೊಸ ಬೇರು ಹೊರಡುತ್ತದೆ. ನೆಲ ಗಡ್ಡೆಕಟ್ಟುವ ಹಿಮ ಬೀಳುವುದಕ್ಕೆ ಕನಿಷ್ಠ 6 ವಾರ ಇರುವಾಗಲೇ ನೆಟ್ಟು ಮುಗಿಸಬೇಕೆಂಬ ನಿಯಮ ಈ ಬೇರಿಗಾಗಿಯೇ. ಬೇರು ಹಿಡಿಯದ ಗೆಡ್ಡೆಯನ್ನು ಚಳಿಗಾಲದ ನೆಲ ಹಿಗ್ಗಿ ಕುಗ್ಗಿ ಹೊರಕ್ಕೆ ಎತ್ತಿ ಎಸೆಯುತ್ತದೆ.

ವಸಂತದಲ್ಲಿ ಬೇರ್ಪಡಿಸಿದರೆ ಗಿಡ ಸಾಯುವುದಿಲ್ಲ, ಆದರೆ ಆ ವರ್ಷದ ಹೂವು ಕೈತಪ್ಪುತ್ತದೆ. ಅವಸರವಿಲ್ಲದವರು ಕಾಯುವುದು ಒಳ್ಳೆಯದು.

ಅಗೆಯುವಾಗ ಸಲಿಕೆಗಿಂತ ಮುಳ್ಳುಗುದ್ದಲಿ ಮೇಲು. ಸಲಿಕೆಯ ಅಲಗು ಕಾಣದ ಗೆಡ್ಡೆಯನ್ನು ಕಡಿದುಹಾಕುತ್ತದೆ. ಹಿಂಡಿನಿಂದ ಒಂದು ಗೇಣು ದೂರ ಸುತ್ತಲೂ ಚುಚ್ಚಿ ಸಡಿಲಿಸಿದರೆ ಇಡೀ ಹಿಂಡು ಒಂದೇ ತಟ್ಟೆಯಂತೆ ಮೇಲೆ ಬರುತ್ತದೆ, ಬೇರುಗಳು ಆಳಕ್ಕೆ ಹೋಗಿರುವುದಿಲ್ಲ. ಮಣ್ಣು ಕೊಡವಿ ಕೊಳಾಯಿ ನೀರಿನಿಂದ ತೊಳೆಯಿರಿ. ಈ ತೊಳೆಯುವ ಹಂತವನ್ನು ಹಾರಿಸಬೇಡಿ. ಮಣ್ಣು ಮೆತ್ತಿದ ಗೆಡ್ಡೆಯಲ್ಲಿ ಹುಳದ ತೂತಾಗಲಿ ಕೊಳೆತ ಜಾಗವಾಗಲಿ ಕಾಣುವುದಿಲ್ಲ, ಮತ್ತು ಮುಂದಿನ ನಾಲ್ಕು ವರ್ಷದ ಭವಿಷ್ಯ ಈ ಹತ್ತು ನಿಮಿಷದ ಪರೀಕ್ಷೆಯ ಮೇಲೆ ನಿಂತಿದೆ.

ತೊಳೆದಿಟ್ಟ ಹಿಂಡಿನಲ್ಲಿ ವಯಸ್ಸು ಓದಬಹುದು. ನಡುವೆ ಎಲೆಯಿಲ್ಲದೆ ಉಳಿದ, ಗುಂಡು ಗುರುತುಗಳಿರುವ ಹಳೆಯ ಗೆಡ್ಡೆಗಳು ಅರಳಿ ಮುಗಿದವು. ಹೊರಗಿನ ನುಣುಪಾದ, ಹಿಸುಕಿದರೆ ಗಟ್ಟಿ ಎನ್ನಿಸುವ, ತುದಿಯಲ್ಲಿ ಒಂದು ಎಲೆಗುಚ್ಛವಿರುವವು ಎಳೆಯವು. ಇವೆರಡೂ ಸೇರುವ ಕಡೆ ಸೊಂಟದಂತೆ ಕಿರಿದಾದ ಜಾಗವಿರುತ್ತದೆ. ಅಲ್ಲಿ ಹರಿತವಾದ ಚಾಕುವಿನಿಂದ ಕತ್ತರಿಸಿ. ಹಲವು ಮರಿಗಳು ಕೈಯಿಂದ ಮುರಿದರೇ ಬಿಡಿಸಿಕೊಳ್ಳುತ್ತವೆ. ನೆಡಲು ಬೇಕಾದದ್ದು ಹೆಬ್ಬೆರಳು ದಪ್ಪದ ಗೆಡ್ಡೆ, ಆರೋಗ್ಯವಂತ ಎಲೆಗುಚ್ಛ, ಒಂದಿಷ್ಟು ಬೇರು. ಒಂದು ಗಿಡದಿಂದ ಇನ್ನೊಂದಕ್ಕೆ ಹೋಗುವ ಮುನ್ನ ಚಾಕುವನ್ನು ಸ್ಪಿರಿಟ್‌ನಲ್ಲೋ, ಒಂಬತ್ತು ಪಾಲು ನೀರಿಗೆ ಒಂದು ಪಾಲು ಬ್ಲೀಚ್ ಬೆರೆಸಿದ ದ್ರಾವಣದಲ್ಲೋ ಅದ್ದಬೇಕು.

ಕೈ ತಡೆಯುವುದು ಇಲ್ಲೇ. ಹಳೆಯ ಗೆಡ್ಡೆಗಳು ನೋಡಲು ದಪ್ಪಗೆ, ಭಾರವಾಗಿ, ಜೀವವಿದ್ದಂತೆ ಕಾಣುತ್ತವೆ. ಎಷ್ಟೊಂದು ಹೂ ಕೊಟ್ಟ ಗೆಡ್ಡೆಯನ್ನು ಕಸಕ್ಕೆ ಹಾಕುವುದು ಹೇಗೆ ಎಂದು ಮನಸ್ಸು ಹಿಂಜರಿಯುತ್ತದೆ. ಹಳೆಯ ಗೆಡ್ಡೆಯ ಮಗ್ಗುಲಲ್ಲಿ ಅಲ್ಲೊಂದು ಇಲ್ಲೊಂದು ಕಣ್ಣು ಚಿಗುರುವುದುಂಟು ನಿಜ. ಅಪರೂಪದ ತಳಿಯಾದರೆ, ಇರುವುದೇ ಒಂದೆರಡು ಗೆಡ್ಡೆಯಾದರೆ ಅದನ್ನು ಮೂಲೆಯಲ್ಲಿ ನೆಟ್ಟು ಕಾಯಬಹುದು. ಉಳಿದಂತೆ ಎಸೆಯಿರಿ. ಅದು ಹಿಡಿದಿಡುವ ಜಾಗ ಎಳೆಯದರ ಹಕ್ಕು.

ಹುಳು ಮತ್ತು ಕೊಳೆ

ಅಮೆರಿಕದ ಪೂರ್ವ ಮತ್ತು ಮಧ್ಯ ಭಾಗದಲ್ಲಿ ಐರಿಸ್ ಬೆಳೆಯುವವರ ದೊಡ್ಡ ಶತ್ರು 'ಐರಿಸ್ ಬೋರರ್' ಎಂಬ ಕೊರಕ ಹುಳು. ಅದರ ಬದುಕಿನ ಚಕ್ರ ತಿಳಿದವರಿಗೆ ಅದನ್ನು ಗೆಲ್ಲುವುದು ಕಷ್ಟವಲ್ಲ. ಶರತ್ಕಾಲದಲ್ಲಿ ಮಬ್ಬು ಬಣ್ಣದ ಪತಂಗವೊಂದು ಒಣಗಿ ಬಿದ್ದ ಎಲೆಗಳ ಮೇಲೆ ಮೊಟ್ಟೆಯಿಡುತ್ತದೆ. ಚಳಿಗಾಲವೆಲ್ಲ ಮೊಟ್ಟೆ ಅಲ್ಲೇ ಉಳಿಯುತ್ತದೆ. ಏಪ್ರಿಲ್ ಮೇನಲ್ಲಿ ಹೊರಬರುವ ಎಳೆ ಮರಿ ಎಲೆಯೊಳಗೆ ಸೂಜಿಮೊನೆಯಷ್ಟು ತೂತು ಕೊರೆದು, ಎಲೆಯ ಒಳಗೇ ಕೆಳಮುಖವಾಗಿ ತಿನ್ನುತ್ತ ಇಳಿಯುತ್ತದೆ. ಹೊರಗೆ ಕಾಣುವುದು ಎಲೆಯಂಚಿನ ಒದ್ದೆ ಗೆರೆ ಮಾತ್ರ. ಬೇಸಿಗೆಯ ನಡುವಿಗೆ ಅದು ಗೆಡ್ಡೆ ತಲುಪಿ, ಬೆರಳಿನಷ್ಟು ಉದ್ದದ, ನಸುಗುಲಾಬಿ ಮೈಯ ಹುಳುವಾಗಿ ಗೆಡ್ಡೆಯನ್ನು ಟೊಳ್ಳು ಮಾಡುತ್ತದೆ. ಆಮೇಲೆ ಪಕ್ಕದ ಮಣ್ಣಿಗಿಳಿದು ಕೋಶ ಕಟ್ಟುತ್ತದೆ.

ಜುಲೈ ಆಗಸ್ಟಿನಲ್ಲಿ ಕೀಳುವುದರ ಇನ್ನೊಂದು ಲಾಭ ಇಲ್ಲಿದೆ: ಹುಳು ಗೆಡ್ಡೆಯೊಳಗೋ ಪಕ್ಕದ ಮಣ್ಣಿನಲ್ಲೋ ಸಿಕ್ಕಿಬೀಳುವ ಹೊತ್ತು ಅದೇ. ತೂತು ಕಂಡ ಗೆಡ್ಡೆಯಿಂದ ಹುಳುವನ್ನು ಹೊರಗೆಳೆದು ಕೊಲ್ಲಿ, ಅಗೆದ ಮಣ್ಣನ್ನು ಬೆರಳಾಡಿಸಿ ನೋಡಿ. ಇದಕ್ಕಿಂತ ದೊಡ್ಡ ಉಪಾಯ ಹಿಮ ಬಿದ್ದ ಮೇಲೆ ಒಣಗಿದ ಎಲೆಯನ್ನೆಲ್ಲ ಒಟ್ಟುಗೂಡಿಸಿ ತೋಟದಿಂದ ಹೊರಸಾಗಿಸುವುದು. ಮೊಟ್ಟೆ ಹೋದರೆ ಹುಳುವಿಲ್ಲ. ವರ್ಷಕ್ಕೆ ಒಂದೇ ತಲೆಮಾರಿನ ಕೀಟ ಇದು. ಒಂದು ದಿನದ ಕಸಗುಡಿಕೆ ಒಂದು ವರ್ಷದ ಔಷಧಿ ಉಳಿಸುತ್ತದೆ.

ಹುಳು ಕೊರೆದ ಗಾಯದಿಂದ ಒಳಸೇರುವುದು ಮೆತುಕೊಳೆ ರೋಗ. ಆಲೂಗಡ್ಡೆ, ಕ್ಯಾರೆಟ್‌ಗಳನ್ನು ಕೊಳೆಸುವ ಬ್ಯಾಕ್ಟೀರಿಯವೇ ಇಲ್ಲೂ ಇರುತ್ತದೆ. ಗೆಡ್ಡೆ ಒಳಗಿಂದ ಗಂಜಿಯಾಗುತ್ತದೆ, ಎಲೆಗುಚ್ಛ ತಾನೇ ವಾಲಿ ಬೀಳುತ್ತದೆ, ದುರ್ನಾತ ದೂರದಿಂದಲೇ ತಿಳಿಯುತ್ತದೆ. ಸ್ವಲ್ಪವೇ ಹರಡಿದ್ದರೆ ಚಮಚದಿಂದ ಗಟ್ಟಿ ಬಿಳಿ ತಿರುಳು ಸಿಗುವವರೆಗೆ ಕೆರೆದು ತೆಗೆದು, ಬ್ಲೀಚ್ ನೀರಿನಲ್ಲಿ ಅದ್ದಿ, ಒಂದೆರಡು ದಿನ ಬಿಸಿಲಿಗೆ ಒಣಗಿಸಿದರೆ ಉಳಿಯಬಹುದು. ಬಿಸಿಲೇ ಇದಕ್ಕೆ ಮೊದಲ ಮದ್ದು. ಪೂರ್ತಿ ಮೆತ್ತಗಾದದ್ದನ್ನು ಉಳಿಸುವ ಹಟ ಬೇಡ.

ಒಳ್ಳೆಯ ಗೆಡ್ಡೆಗಳ ಎಲೆಯನ್ನು ಸುಮಾರು 15 ಸೆಂಟಿಮೀಟರಿಗೆ ಕತ್ತರಿಸುವುದು ಮುಂದಿನ ಹೆಜ್ಜೆ. ಬೇರು ಹರಿದಿರುವಾಗ ಉದ್ದ ಎಲೆ ನೀರು ಕಳೆದುಕೊಳ್ಳುತ್ತದೆ, ಗಾಳಿಗೆ ಸಿಕ್ಕಿ ಗೆಡ್ಡೆಯನ್ನು ಮೇಲೆತ್ತುತ್ತದೆ. ಕತ್ತರಿಸುವ ಮೊದಲು ತಳಿಯ ಹೆಸರನ್ನು ಎಲೆಯ ಬುಡದಲ್ಲೇ ಮಾರ್ಕರ್ ಪೆನ್ನಿನಿಂದ ಬರೆಯಿರಿ. ಐರಿಸ್ ಬೆಳೆಗಾರರೆಲ್ಲ ಮಾಡುವುದು ಹೀಗೆಯೇ, ಏಕೆಂದರೆ ಹೂವಿಲ್ಲದಾಗ ಎಲ್ಲ ತಳಿಯೂ ಒಂದೇ ರೂಪ. ಬಳಿಕ ನೆರಳಿನಲ್ಲಿ, ಗಾಳಿಯಾಡುವ ಕಡೆ, ಕತ್ತರಿಸಿದ ಮುಖ ಒಣಗುವವರೆಗೆ ಒಂದೆರಡು ದಿನ ಬಿಡಬೇಕು. ವಾರಗಟ್ಟಲೆ ಮಣ್ಣಿಲ್ಲದೆ ಬಿದ್ದರೂ ಐರಿಸ್ ಗೆಡ್ಡೆ ಸಾಯುವುದಿಲ್ಲ. ಆರೆಗಾನ್‌ನ ದೊಡ್ಡ ನರ್ಸರಿಗಳು ಬರಿಗೆಡ್ಡೆಯನ್ನೇ ದೇಶದ ಮೂಲೆಮೂಲೆಗೆ ಅಂಚೆಯಲ್ಲಿ ಕಳಿಸುವುದು ಈ ಗುಣವನ್ನು ನೆಚ್ಚಿಕೊಂಡೇ.

ಇಲ್ಲೊಂದು ಎಚ್ಚರಿಕೆ ಕೊಡಲೇಬೇಕು. ತೊಳೆದು ಒಣಗಲಿಟ್ಟ ಗೆಡ್ಡೆಗಳು ಶುಂಠಿಯನ್ನೇ ಹೋಲುತ್ತವೆ. ಅವು ವಿಷಕಾರಿ. ತಿಂದರೆ ಬಾಯಿ ಗಂಟಲು ಉರಿದು ವಾಂತಿಯಾಗುತ್ತದೆ, ರಸ ತಗಲಿದರೆ ಕೆಲವರ ಚರ್ಮ ಕೆಂಪೇರುತ್ತದೆ. ಕೈಗವಸು ತೊಡಿ, ಅಡುಗೆಮನೆಯೊಳಗೆ ತರಬೇಡಿ, ನಾಯಿ ಬೆಕ್ಕುಗಳಿಗೆ ಎಟುಕದಂತೆ ಇಡಿ.

ಬೆನ್ನಿಗೆ ಬಿಸಿಲು ಬೀಳಬೇಕು

ಐರಿಸ್ ನೆಡುವಾಗ ನಮ್ಮವರು ಎಡವುವುದು ಅಜ್ಞಾನದಿಂದಲ್ಲ, ಅಕ್ಕರೆಯಿಂದ. ಅರಿಶಿನ, ಶುಂಠಿ, ಕೆಸು ನೆಟ್ಟು ಬೆಳೆದ ಕೈ ಗೆಡ್ಡೆ ಕಂಡರೆ ಮಣ್ಣಿನಲ್ಲಿ ಮುಚ್ಚುತ್ತದೆ, ಮೇಲೆ ತರಗು ಹೊದಿಸುತ್ತದೆ, ಒಂದು ಬುಟ್ಟಿ ಸಗಣಿಗೊಬ್ಬರ ಹಾಕಿ ದಿನವೂ ನೀರುಣಿಸುತ್ತದೆ. ಐರಿಸ್‌ಗೆ ಈ ನಾಲ್ಕೂ ಉಪಚಾರ ಆಗಿಬರುವುದಿಲ್ಲ. ಆಳಕ್ಕೆ ಹೂತ ಗೆಡ್ಡೆ ಎಲೆ ಬಿಡುತ್ತದೆ, ಹೂ ಬಿಡುವುದಿಲ್ಲ. ತರಗು ಹೊದಿಕೆ ತೇವ ಹಿಡಿದಿಟ್ಟು ಕೊಳೆ ತರುತ್ತದೆ. ಸಾರಜನಕ ಹೆಚ್ಚಾದರೆ ಮೈ ಮೆದುವಾಗಿ ಬ್ಯಾಕ್ಟೀರಿಯಕ್ಕೆ ಹಾದಿ ಸುಲಭ.

ಸರಿಯಾದ ಕ್ರಮ ಬಲು ಸರಳ. ದಿನಕ್ಕೆ ಕನಿಷ್ಠ ಆರು ತಾಸು ನೇರ ಬಿಸಿಲು ಬೀಳುವ, ನೀರು ನಿಲ್ಲದ ಜಾಗ ಆರಿಸಿ. ಎರಡು ಪಕ್ಕ ತಗ್ಗು ತೋಡಿ, ನಡುವೆ ಮಣ್ಣಿನ ಸಣ್ಣ ಏರಿ ಬಿಡಿ. ಗೆಡ್ಡೆಯನ್ನು ಏರಿಯ ಮೇಲೆ ಕೂರಿಸಿ, ಬೇರುಗಳನ್ನು ಎರಡೂ ಕಡೆ ಇಳಿಬಿಟ್ಟು, ಬೇರಿನ ಮೇಲೆ ಮಣ್ಣು ಹಾಕಿ ಗಟ್ಟಿಯಾಗಿ ಒತ್ತಿ. ಹಿಡಿತವೆಲ್ಲ ಬೇರಿನದು, ಗೆಡ್ಡೆಯ ಬೆನ್ನು ಮಾತ್ರ ಹೊರಗೆ ಕಾಣುತ್ತಿರಬೇಕು. ಬಿಸಿಲು ಉರಿಯುವ ಸೀಮೆಯಲ್ಲಿ ಒಂದು ಬೆರಳಗಲ ತೆಳುಮಣ್ಣು ಮುಚ್ಚಬಹುದು. ಜೇಡಿಮಣ್ಣಾದರೆ ಪಾತಿಯನ್ನೇ ನೆಲಮಟ್ಟದಿಂದ ಎತ್ತರಿಸಿ.

ಎತ್ತರದ ತಳಿಗಳಿಗೆ ಒಂದರಿಂದ ಎರಡು ಅಡಿ ಅಂತರ. ಒಂದಡಿಗೆ ನೆಟ್ಟರೆ ಬೇಗ ತುಂಬಿಕೊಂಡು ಕಾಣುತ್ತದೆ, ಅಷ್ಟೇ ಬೇಗ ಮತ್ತೆ ಕೀಳಬೇಕಾಗುತ್ತದೆ. ನನ್ನ ಓಟು ಎರಡಡಿಗೆ. ಮೂರು ಗೆಡ್ಡೆಯನ್ನು ಒಂದೇ ಗುಂಪಾಗಿ ನೆಡುವುದಿದ್ದರೆ ಎಲೆಗುಚ್ಛಗಳು ಹೊರಮುಖವಾಗಿ, ಬೋಳು ತುದಿಗಳು ಒಳಮುಖವಾಗಿ ಇರಲಿ. ಗೆಡ್ಡೆ ಬೆಳೆಯುವುದು ಎಲೆ ಇರುವ ದಿಕ್ಕಿಗೆ. ಒಳಮುಖವಾಗಿಟ್ಟರೆ ಎರಡನೆಯ ವರ್ಷಕ್ಕೇ ಒಂದಕ್ಕೊಂದು ಡಿಕ್ಕಿ. ಇಳಿಜಾರಿನಲ್ಲಿ ಎಲೆಗುಚ್ಛ ಮೇಲುದಿಕ್ಕಿಗೆ ನಿಂತು, ಗೆಡ್ಡೆ ಇಳಿಜಾರಿನ ಕಡೆ ಚಾಚಿರಲಿ ಎನ್ನುವವರಿದ್ದಾರೆ. ನೀರು ಎಲೆಯ ಬುಡದಲ್ಲಿ ನಿಲ್ಲದಿದ್ದರಾಯಿತು.

ನೆಟ್ಟ ದಿನ ಒಮ್ಮೆ ಚೆನ್ನಾಗಿ ನೀರು. ಆಮೇಲೆ ಮಳೆ ಕೈಕೊಟ್ಟರೆ ಎರಡು ಮೂರು ವಾರ ಆಗೀಗ ಕೊಟ್ಟರೆ ಸಾಕು. ನಡುವಿನಿಂದ ಹೊಸ ಎಲೆ ಇಣುಕಿದರೆ ಬೇರು ಹಿಡಿದಿದೆ ಎಂದು ತಿಳಿಯಿರಿ, ಕೊಳಾಯಿ ನಿಲ್ಲಿಸಿ. ಮರುವಸಂತದಲ್ಲಿ ಕೆಲವು ಹೂ ಬಿಡಬಹುದು, ಕೆಲವು ಬಿಡದೆಯೂ ಇರಬಹುದು. ಅದರ ಮುಂದಿನ ವಸಂತ ನಿಮ್ಮದು.

ಒಂದೇ ಗಿಡ, ಅನೇಕ ಅಂಗಳ

ಬಿಡಿಸಿ ಮುಗಿಸಿದ ಮೇಲೆ ಬೇಕಾದ್ದಕ್ಕಿಂತ ಎಷ್ಟೋ ಪಟ್ಟು ಗೆಡ್ಡೆ ಉಳಿಯುತ್ತವೆ. ಅವುಗಳನ್ನು ಹಂಚಬೇಕು. ಇದನ್ನು ಔದಾರ್ಯ ಎನ್ನುವುದಕ್ಕಿಂತ ಈ ಹೂವಿನ ಚರಿತ್ರೆಯ ನಿಯಮ ಎನ್ನುವುದೇ ಸರಿ. ತಳಿ ಐರಿಸ್‌ನ ಬೀಜ ನೆಟ್ಟರೆ ತಾಯಿಯಂಥ ಹೂ ಬರುವುದಿಲ್ಲ, ಬೇರೇನೋ ಬರುತ್ತದೆ. ತಳಿ ಹಾಗೇ ಉಳಿಯಬೇಕಾದರೆ ಗೆಡ್ಡೆ ಮುರಿದು ನೆಡುವುದೊಂದೇ ದಾರಿ. ಬಿಳಿ ದಳಕ್ಕೆ ನೀಲಿ ಅಂಚಿರುವ 'ಮದಾಂ ಶೆರೊ' ಎಂಬ ತಳಿಯನ್ನು ಫ್ರಾನ್ಸಿನ ಲೆಮಾನ್ 1844ರಲ್ಲಿ ಬಿಡುಗಡೆ ಮಾಡಿದ. ಇವತ್ತಿಗೂ ಅದು ಸಿಗುತ್ತದೆ. ಎಂದರೆ ಮೂರು ನಾಲ್ಕು ವರ್ಷಕ್ಕೊಮ್ಮೆ ಯಾರೋ ಒಬ್ಬರು ಬಗ್ಗಿ ಅಗೆದು, ಬಿಡಿಸಿ, ನೆಟ್ಟು, ಪಕ್ಕದವರಿಗೆ ಕೊಟ್ಟು 180 ವರ್ಷ ತಂದಿದ್ದಾರೆ. ಈಗ ಅಂಗಳದಲ್ಲಿರುವುದು ಅದರ ಮೊಮ್ಮಗುವಲ್ಲ, ಆ ಗಿಡದ್ದೇ ಮುಂದುವರಿದ ಮೈ.

ಇಂಗ್ಲೆಂಡಿನಲ್ಲಿ ಈ ಸರಪಳಿ ಕಡಿದುಹೋಗುವುದರಲ್ಲಿತ್ತು. ಚಿತ್ರಕಾರ ಸೆಡ್ರಿಕ್ ಮಾರಿಸ್ ಸಫಕ್ ಸೀಮೆಯ ಹ್ಯಾಡ್ಲೀಯಲ್ಲಿದ್ದ ತಮ್ಮ ಮನೆ ಬೆಂಟನ್ ಎಂಡ್‌ನಲ್ಲಿ ಐರಿಸ್ ತಳಿಗಳನ್ನು ಬೆಳೆಸಿ 'ಬೆಂಟನ್' ಎಂಬ ಹೆಸರಿನಲ್ಲಿ ಹೊರತಂದರು. ಹೊಗೆ ಬೆರೆತಂಥ ಮೆದು ಬಣ್ಣಗಳು, ಚಿತ್ರಕಾರನ ಕಣ್ಣಿಗಷ್ಟೇ ಹೊಳೆಯುವಂಥವು. 1982ರಲ್ಲಿ ಅವರು ತೀರಿಕೊಂಡ ಮೇಲೆ ಗಿಡಗಳು ಚದುರಿದವು. ಸಿಸಿಂಗ್‌ಹರ್ಸ್ಟ್ ತೋಟದ ಮುಖ್ಯ ತೋಟಗಾರ್ತಿಯಾಗಿದ್ದ ಸಾರಾ ಕುಕ್ ನಿವೃತ್ತಿಯ ನಂತರ ಅವುಗಳನ್ನು ಒಂದೊಂದಾಗಿ ಹುಡುಕಿ ಮತ್ತೆ ಒಂದೆಡೆ ಕೂಡಿಸಿದರು. ಎಲ್ಲೋ ಯಾರದೋ ತೋಟದ ಬದಿಯಲ್ಲಿ ಒಂದು ಚೂರು ಉಳಿದಿದ್ದರಿಂದ ಅದು ಸಾಧ್ಯವಾಯಿತು. ಹಂಚಿದ್ದು ಉಳಿದಿತ್ತು. ಸಾರಾ ಕುಕ್ ಮಾಡಿದ್ದನ್ನು ನಾನು ಒಂದು ಚಿತ್ರಸಂಗ್ರಹ ಉಳಿಸಿದಷ್ಟೇ ದೊಡ್ಡ ಕೆಲಸವೆಂದು ಭಾವಿಸುತ್ತೇನೆ.

ಇದಕ್ಕಿಂತಲೂ ಹಿಂದಿನದು 'ಐರಿಸ್ ಆಲ್ಬಿಕಾನ್ಸ್' ಎಂಬ ಬಿಳಿ ಐರಿಸ್‌ನ ಪಯಣ. ಅರೇಬಿಯಾ, ಯೆಮನ್ ಕಡೆಯ ಈ ಗಿಡ ಬಂಜೆ, ಬೀಜ ಕಟ್ಟುವುದೇ ಇಲ್ಲ. ಆದರೂ ಮೆಡಿಟರೇನಿಯನ್ ಸುತ್ತ, ಸ್ಪೇನ್‌ವರೆಗೆ, ಅಲ್ಲಿಂದ ಸಾಗರ ದಾಟಿ ಟೆಕ್ಸಾಸ್‌ವರೆಗೆ ಹರಡಿದೆ. ಮುಸ್ಲಿಮರು ಸಮಾಧಿಗಳ ಮೇಲೆ ಅದನ್ನು ನೆಡುತ್ತ ಬಂದರು, ಹೋದಲ್ಲೆಲ್ಲ ಗೆಡ್ಡೆ ಒಯ್ದರು. ಆ ಹಾದಿಯ ಪ್ರತಿ ಗಿಡವೂ ಯಾರದೋ ಕೈಯಿಂದ ಮಣ್ಣಿಗಿಳಿದದ್ದು. ಕಾಶ್ಮೀರ ಕಣಿವೆಯಲ್ಲೂ ವಸಂತ ಬಂತೆಂದರೆ ಸಮಾಧಿಗಳ ಮೇಲೆ ನೇರಳೆ ಮತ್ತು ಬಿಳಿ ಐರಿಸ್ ಅರಳುತ್ತವೆ. ಪ್ರವಾಸಕ್ಕೆ ಹೋಗುವ ನಮ್ಮವರು ಟ್ಯೂಲಿಪ್ ತೋಟದ ಮುಂದೆ ಸಾಲು ನಿಲ್ಲುತ್ತಾರೆ. ಊರ ಬದಿಯ ಈ ಹೂವಿನತ್ತಲೂ ಒಮ್ಮೆ ನೋಡಬೇಕು.

ಅದೇ ಕಣಿವೆಯ ಪಾಂಪೋರಿನ ಕೇಸರಿ ಐರಿಸ್‌ನ ಕುಟುಂಬಕ್ಕೇ ಸೇರಿದ ಗಿಡ. ಅದೂ ಬಂಜೆ. ಬೇಸಿಗೆಯ ನಿದ್ದೆಯಲ್ಲಿರುವಾಗ ಗೆಡ್ಡೆ ಅಗೆದು ಬಿಡಿಸಿ ನೆಡುವ ರೈತನಿಲ್ಲದಿದ್ದರೆ ನಮ್ಮ ಹಬ್ಬದ ಕೇಸರಿಭಾತಿಗೆ ಆ ಬಣ್ಣವೂ ಇರುತ್ತಿರಲಿಲ್ಲ, ಆ ಕಂಪೂ ಇರುತ್ತಿರಲಿಲ್ಲ.

ಇಟಲಿಯ ಟಸ್ಕನಿಯಲ್ಲಿ ಈ ಬಿಡಿಸುವ ಕೆಲಸವೇ ಒಂದು ಕಸುಬು. ಫ್ಲಾರೆನ್ಸ್ ಹತ್ತಿರದ ಸ್ಯಾನ್ ಪೋಲೊ ಎಂಬ ಊರಿನ ಸುತ್ತ 'ಐರಿಸ್ ಪಾಲಿಡಾ' ಬೆಳೆಯುವುದು ಹೂವಿಗಲ್ಲ, ಗೆಡ್ಡೆಗೆ. ಮೂರನೆಯ ಬೇಸಿಗೆಯಲ್ಲಿ ಅಗೆಯುತ್ತಾರೆ. ಎಲೆಗುಚ್ಛದ ಜತೆ ಒಂದು ಚೂರು ಗೆಡ್ಡೆ ಉಳಿಸಿ ಕತ್ತರಿಸಿಕೊಂಡು ಮತ್ತೆ ನೆಡುತ್ತಾರೆ, ಉಳಿದ ಗೆಡ್ಡೆಯನ್ನು ಬಾಗಿದ ಪುಟ್ಟ ಚಾಕುವಿನಿಂದ ಸಿಪ್ಪೆ ಹೆರೆದು ಬಿಸಿಲಿಗೆ ಹಾಕುತ್ತಾರೆ. ಹಸಿ ಗೆಡ್ಡೆಗೆ ಪರಿಮಳವೇ ಇಲ್ಲ. ವರ್ಷಗಟ್ಟಲೆ ಒಣಗಿಸಿಟ್ಟ ಮೇಲೆ ಅದರೊಳಗಿನ ಕೊಬ್ಬಿನಂಶ ನಿಧಾನವಾಗಿ ಗಾಳಿಯೊಡನೆ ಬೆರೆತು 'ಐರೋನ್' ಎಂಬ ಪದಾರ್ಥ ಹುಟ್ಟುತ್ತದೆ, ವಯೊಲೆಟ್ ಹೂವಿನ ಕಂಪು ಬರುತ್ತದೆ. ಜರ್ಮನಿಯ ಫರ್ಡಿನಾಂಡ್ ಟೀಮನ್ ಮತ್ತು ಪೌಲ್ ಕ್ರ್ಯೂಗರ್ ಇದನ್ನು 1893ರಲ್ಲಿ ಬಿಡಿಸಿ ತೋರಿಸಿದರು. ದುಬಾರಿ ಸುಗಂಧಗಳಲ್ಲಿ ಇಂದಿಗೂ ಇದು ಬಳಕೆಯಲ್ಲಿದೆ.

ಎಲ್ಲಕ್ಕೂ ಒಂದೇ ನಿಯಮವಲ್ಲ

ಮೇಲಿನದೆಲ್ಲ ಗಡ್ಡದ ಐರಿಸ್‌ಗೆ ಹೇಳಿದ್ದು. ಸೈಬೀರಿಯನ್ ಐರಿಸ್‌ನ ಹಿಂಡು ಕಲ್ಲಿನಷ್ಟು ಗಟ್ಟಿ, ಅದನ್ನು ಸಲಿಕೆಯಿಂದಲೇ ತುಂಡರಿಸಬೇಕು. ಒಂಟಿ ಎಲೆಗುಚ್ಛವಾಗಿ ಬಿಡಿಸದೆ ನಾಲ್ಕೈದರ ಗೊಂಚಲಾಗಿ ನೆಟ್ಟರೆ ಬೇಗ ಚೇತರಿಸಿಕೊಳ್ಳುತ್ತದೆ, ಬೇರು ಒಣಗಲು ಬಿಡಬಾರದು. ಜಪಾನೀ ಐರಿಸ್‌ಗೆ ಹುಳಿಮಣ್ಣು, ತೇವ ಬೇಕು. ಅದರ ಹೊಸ ಬೇರು ಪ್ರತಿವರ್ಷ ಹಳೆಯದರ ಮೇಲ್ಗಡೆ ಹುಟ್ಟಿ ಗಿಡವೇ ಮಣ್ಣಿನಿಂದ ಮೇಲೇಳುವುದರಿಂದ ಮೂರು ವರ್ಷಕ್ಕೊಮ್ಮೆ ಕಿತ್ತು, ಎರಡು ಮೂರು ಬೆರಳು ಆಳಕ್ಕೆ, ಬೇರೆ ಜಾಗದಲ್ಲಿ ನೆಡುತ್ತಾರೆ. ನಿಮ್ಮಲ್ಲಿರುವುದು ಯಾವುದೆಂದು ತಿಳಿಯಲು ದಳದ ಮೇಲೆ ಗಡ್ಡವಿದೆಯೇ ನೋಡಿ.

ಬೆಂಗಳೂರಿನಲ್ಲಿ ಗಡ್ಡದ ಐರಿಸ್ ಬೆಳೆಯುವ ಆಸೆ ಹಲವರದು. ಆನ್‌ಲೈನ್‌ನಲ್ಲಿ ಗೆಡ್ಡೆ ಸಿಗುತ್ತದೆ, ಎಲೆಯೂ ಬರುತ್ತದೆ. ಆದರೆ ಹೂಮೊಗ್ಗು ಕಟ್ಟಲು ಅದಕ್ಕೆ ವಾರಗಟ್ಟಲೆ ಕೊರೆಯುವ ಚಳಿ ಬೇಕು, ನಮ್ಮ ಜನವರಿಯ ರಾತ್ರಿ ಸಾಮಾನ್ಯವಾಗಿ 15 ಡಿಗ್ರಿಯ ಆಸುಪಾಸಿನದು. ಜತೆಗೆ ಅದು ಒಣಗಿರಲು ಬಯಸುವ ತಿಂಗಳುಗಳಲ್ಲೇ ನಮ್ಮಲ್ಲಿ ಮುಂಗಾರು. ಹಣ ಹಾಕಬೇಡಿ ಎಂದೇ ನನ್ನ ಸಲಹೆ.

ಅದರ ಬಂಧುಗಳು ಇಲ್ಲಿ ಖುಷಿಯಿಂದ ಬದುಕುತ್ತವೆ. ಬ್ರೆಜಿಲ್ ಮೂಲದ 'ನಡೆಯುವ ಐರಿಸ್' ನೆರಳಿನ ಕುಂಡದಲ್ಲೂ ಬರುತ್ತದೆ. ಬಿಳಿ ನೀಲಿಯ ಹೂವು ಒಂದೇ ದಿನದ್ದಾದರೂ, ಅರಳಿದ ದಂಟಿನ ತುದಿಯಲ್ಲೇ ಮರಿಗಿಡ ಹುಟ್ಟಿ, ಭಾರಕ್ಕೆ ಬಾಗಿ, ನೆಲ ಮುಟ್ಟಿದಲ್ಲಿ ಬೇರೂರುತ್ತದೆ. ಅಪಾರ್ಟ್‌ಮೆಂಟುಗಳ ಅಂಗಳದಲ್ಲಿ ಸಾಲಾಗಿ ಕಾಣುವ ಆಫ್ರಿಕಾ ಮೂಲದ ಡಯೆಟೀಸ್‌ನ ಬಿಳಿ ಹೂವಿನ ಬಗೆಯಲ್ಲಿ ಹಳೆಯ ದಂಟೇ ಮತ್ತೆ ಮತ್ತೆ ಮೊಗ್ಗು ಬಿಡುತ್ತದೆ, ಆದ್ದರಿಂದ ಕತ್ತರಿಸಬಾರದು. ಕಿತ್ತಳೆ ದಳದ ಮೇಲೆ ಕೆಂಪು ಚುಕ್ಕೆಯ ಇನ್ನೊಂದು ಗಿಡವಿದೆ. ಬಹುಕಾಲ ಅದನ್ನು ಬೆಲಂಕಾಂಡ ಎಂಬ ಬೇರೆ ಕುಲದಲ್ಲಿಟ್ಟಿದ್ದರು. ಡಿಎನ್‌ಎ ಸಾಕ್ಷ್ಯ ನೋಡಿದ ಮೇಲೆ 2005ರಲ್ಲಿ ಐರಿಸ್ ಕುಲಕ್ಕೇ ಸೇರಿಸಿ 'ಐರಿಸ್ ಡೊಮೆಸ್ಟಿಕಾ' ಎಂದು ಹೆಸರಿಟ್ಟರು. ಬಿಸಿಲು, ನೀರು ಬಸಿಯುವ ಮಣ್ಣು ಕೊಟ್ಟರೆ ನಮ್ಮ ಹವೆಗೂ ಒಗ್ಗುವ ನಿಜವಾದ ಐರಿಸ್ ಇದು. ಈ ಮೂರನ್ನೂ ನಮ್ಮ ಹಳೆಯ ರೂಢಿಯಂತೆ ಮೊದಲ ಮಳೆಗಳ ಹೊತ್ತಿಗೆ, ಜೂನ್ ಆಸುಪಾಸಿನಲ್ಲಿ ಬಿಡಿಸಿ. ಗೆಡ್ಡೆಯ ಮೇಲೆ ತೆಳುವಾಗಿ ಮಣ್ಣು ಮುಚ್ಚಿ, ಕುಂಡದಲ್ಲಾದರೆ ತಳದ ತೂತು ಕಟ್ಟಿಕೊಂಡಿಲ್ಲವೇ ನೋಡಿ, ಮಳೆ ಜಡಿ ಹಿಡಿದ ವಾರದಲ್ಲಿ ಸೂರಿನಡಿಗೆ ಸರಿಸಿ.